ಕಟ್ಟೆ ರೋಗ ಬಂದ ಏಲಕ್ಕಿ ಮಲೆಯಲ್ಲಿ ಒಂದೇ ಒಂದು ಬುಡ ಹಸಿರಾಗಿ ನಿಂತಿದೆ, ಇದಕ್ಕೂ ಈ ಆರ್‌ಎನ್‌ಎಗೂ ಏನಾದ್ರೂ ಸಂಬಂಧ ಉಂಟಾ?

ಏಲಕ್ಕಿಮಲೆ_ಗಾಳಿಬೀಡು
ಎಲ್ರಿಗೂ ನಮಸ್ಕಾರ. ನಮ್ದು ಈಗ ಕಾಫಿನೇ ಜಾಸ್ತಿ, ಏಲಕ್ಕಿ ಅಂತ ಉಳಿದಿರೋದು ತೋಡಿನ ಪಕ್ಕ ಅರ್ಧ ಎಕರೆ ಅಷ್ಟೆ. ಅಪ್ಪನ ಕಾಲದಲ್ಲಿ ಆರು ಎಕರೆ ಮಲೆ ಇತ್ತು, ಎಲ್ಲ ಕಟ್ಟೆ ಅನ್ನೋ ವೈರಸ್ ರೋಗ ತಿಂದು ಹಾಕ್ತು. ಈ ಅರ್ಧ ಎಕರೆಗೂ ಮೂರು ವರ್ಷದಿಂದ ಬಂದು ಕೂತಿದೆ, ಎಳೆ ಎಲೆ ಮೇಲೆ ನರದ ಉದ್ದಕ್ಕೂ ತಿಳಿ ಹಸಿರು ಗೀರು, ಆಮೇಲೆ ಬುಡದಿಂದ ಬರೋ ಕಂದು (ಮರಿ) ಒಂದೊಂದೇ ಸಣ್ಣ ಆಗ್ತಾ ಬರ್ತದೆ, ಕಾಯಿ ಇಲ್ಲ. ಗೊತ್ತಿರೋರಿಗೆ ಹೇಳೋದೇ ಬೇಡ.

ವಿಷಯ ಏನಂದ್ರೆ ನಡುವಲ್ಲಿ ಒಂದು ಬುಡ ಉಂಟು. ಸುತ್ತ ನಾಲ್ಕೂ ಕಡೆ ಕಟ್ಟೆ, ಇದಕ್ಕೆ ಮಾತ್ರ ಏನೂ ಇಲ್ಲ, ಈ ವರ್ಷವೂ ಕಾಯಿ ಬಿಟ್ಟಿದೆ. ಮೊನ್ನೆ ಅಕ್ಕನ ಮಗ ಬಂದಿದ್ದ, ಬಿಎಸ್ಸಿ ಓದ್ತಿದ್ದಾನೆ, ಅವ್ನು ನೋಡಿ ಮಾವ ಇದು ಆರ್‌ಎನ್‌ಎ ಕೆಲಸ ಇರ್ಬೋದು, ಪ್ರೋಟೀನ್ ಮಾಡದೇ ಇರೋ ಆರ್‌ಎನ್‌ಎ ಅಂತ ಉಂಟು, ಅದು ವೈರಸ್ಸನ್ನ ಹಿಡಿದು ಕತ್ತರಿಸ್ತದೆ ಅಂದ. ನಾವು ಶಾಲೇಲಿ ಓದಿದ್ದು ಆರ್‌ಎನ್‌ಎ ಇರೋದೇ ಪ್ರೋಟೀನ್ ಮಾಡೋಕೆ ಅಂತ. ಇವ್ನು ನನ್ನ ಮಂಗ ಮಾಡಿದ್ನಾ ಅಥವಾ ನಿಜವಾ? ಗೊತ್ತಿದ್ದೋರು ಸ್ವಲ್ಪ ನಮಗೆ ಅರ್ಥ ಆಗೋ ಹಾಗೆ ಹೇಳಿ.

ರೈಟರ್_ಪಾಲಿಬೆಟ್ಟ
ಅಣ್ಣ ಆ ಬುಡಕ್ಕೆ ಮೊದಲು ದೃಷ್ಟಿ ತೆಗೀರಿ, ಆರ್‌ಎನ್‌ಎ ಆಮೇಲೆ ನೋಡೋಣ 😄

ಶನಿವಾರಸಂತೆ_ಗೌಡ
ರೋಗ ಹರಡೋ ಗಿಡಹೇನು ಅದ್ರ ಮೇಲೆ ಕೂತಿಲ್ಲ ಅಷ್ಟೆ. ಇನ್ನೊಂದ್ ವರ್ಷ ತಡೀರಿ ಅದಕ್ಕೂ ಬರತ್ತೆ. ನಮ್ ಕಡೆ ಇಂಥವು ಬೇಕಾದಷ್ಟು ನೋಡಿದೀನಿ.

ಲ್ಯಾಬ್‌ಹುಡುಗಿ_ನಾಪೋಕ್ಲು
ಅಂಕಲ್ ನಿಮ್ಮ ಅಳಿಯ ಸುಳ್ಳು ಹೇಳಿಲ್ಲ, ಆದ್ರೆ ಅರ್ಧ ಹೇಳಿದ್ದಾನೆ. ನಾನು ಮೈಸೂರಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ, ಏಲಕ್ಕಿ ಅಲ್ಲ ಆದ್ರೆ ಗಿಡದ ವೈರಸ್ಸೇ. ಉದ್ದ ಆಗತ್ತೆ, ಬೇಜಾರಾದ್ರೆ ಬಿಟ್ಟುಬಿಡಿ.

ನಿಮ್ಮ ಜಮ್ಮಾ ಜಾಗದ ಅಸಲು ದಾಖಲೆ ತಾಲೂಕ್ ಆಫೀಸಿನ ಬೀರುವಲ್ಲಿ ಇರತ್ತಲ್ಲ ಅದು ಡಿಎನ್‌ಎ ಅಂತ ಇಟ್ಕೊಳಿ. ಅಸಲನ್ನ ಯಾರೂ ಹೊರಗೆ ಕೊಡಲ್ಲ, ಬೇಕಾದಾಗ ನಕಲು ತೆಗೀತಾರೆ, ಆ ನಕಲು ಆರ್‌ಎನ್‌ಎ. ನಕಲು ನೋಡಿ ಪ್ರೋಟೀನ್ ಕಟ್ತಾರೆ ಅಂತ ನೀವು ಓದಿದ್ದು ತಪ್ಪಲ್ಲ. ಆದ್ರೆ ಮನುಷ್ಯನ ಲೆಕ್ಕ ತಗೊಂಡ್ರೆ ಡಿಎನ್‌ಎಯಲ್ಲಿ ಸುಮಾರು 320 ಕೋಟಿ ಅಕ್ಷರ, ಅದ್ರಲ್ಲಿ ಪ್ರೋಟೀನ್ ಆಗೋ ಭಾಗ ನೂರಕ್ಕೆ 2 ಕೂಡ ಇಲ್ಲ. ಉಳಿದದ್ದು ಕಸ ಅಂತ ತುಂಬಾ ವರ್ಷ ಅಂದ್ಕೊಂಡಿದ್ರು. ಆ ಕಸದಿಂದಲೂ ನಕಲು ತೆಗೀತಾನೇ ಇರತ್ತೆ ಜೀವಕೋಶ, ಆ ನಕಲಿನಿಂದ ಪ್ರೋಟೀನ್ ಆಗಲ್ಲ, ನಕಲೇ ನೇರವಾಗಿ ಕೆಲಸಕ್ಕೆ ಇಳಿಯತ್ತೆ. ಎಲ್ಲದಕ್ಕೂ ಕೆಲಸ ಇದೆ ಅಂತಲ್ಲ, ಸುಮಾರಷ್ಟು ನಿಜವಾಗ್ಲೂ ಕಸವೇ ಇರ್ಬೋದು, ಅದರ ಬಗ್ಗೆ ಜಗಳ ಇನ್ನೂ ಮುಗ್ದಿಲ್ಲ.

ಈಗ ವೈರಸ್. ಗಿಡಕ್ಕೆ ಬರೋ ವೈರಸ್ಸೆಲ್ಲ ಆರ್‌ಎನ್‌ಎಯಿಂದ ಆಗಿರೋದು, ಕಟ್ಟೇದೂ ಅದೇ. ಅದು ಜೀವಕೋಶದ ಒಳಗೆ ತನ್ನ ನಕಲು ತಾನೇ ತೆಗೆಯೋವಾಗ ಒಂದು ಎಳೆ ಮೇಲೆ ಇನ್ನೊಂದು ಎಳೆ ಕೂತು ಜೋಡಿ ಎಳೆ ಆಗತ್ತೆ. ನಮ್ಮ ಗಿಡದ ಸ್ವಂತ ನಕಲು ಹೆಚ್ಚಾಗಿ ಒಂಟಿ ಎಳೆ. ಉದ್ದದ ಜೋಡಿ ಎಳೆ ಕಂಡ್ರೆ ಜೀವಕೋಶಕ್ಕೆ ಅನುಮಾನ ಬರತ್ತೆ, ಡೈಸರ್ ಅಂತ ಒಂದು ಕತ್ತಿ ಬಂದು ಅದನ್ನ 21, 22 ಅಕ್ಷರದ ತುಂಡು ತುಂಡು ಮಾಡತ್ತೆ. ಆ ತುಂಡುಗಳೇ ಇಲ್ಲಿ ಮುಖ್ಯ, ಪ್ರೋಟೀನ್ ಮಾಡದ ಪುಟಾಣಿ ಆರ್‌ಎನ್‌ಎ ಅಂದ್ರೆ ಅವೇ. ಅದ್ರಲ್ಲಿ ಒಂದು ಎಳೇನ ಆರ್ಗೊನಾಟ್ ಅನ್ನೋ ಪ್ರೋಟೀನ್ ಕೈಯಲ್ಲಿ ಹಿಡ್ಕೊಂಡು ತಿರುಗತ್ತೆ, ಮಾಕುಟ್ಟ ಚೆಕ್‌ಪೋಸ್ಟಲ್ಲಿ ಕಳ್ಳನ ಫೋಟೋ ಹಿಡ್ಕೊಂಡು ನಿಂತ ಹಾಗೆ. ಆ ಅಕ್ಷರಕ್ಕೆ ಹೊಂದೋ ಆರ್‌ಎನ್‌ಎ ಎದುರು ಸಿಕ್ತೋ ಅಲ್ಲೇ ಕತ್ತರಿಸಿ ಹಾಕತ್ತೆ. ಅಂದ್ರೆ ಕಳ್ಳನ ಮೈಯಿಂದ ಕಿತ್ತ ತುಂಡೇ ಕಳ್ಳನ ಫೋಟೋ. ಇದು ನಂಗೆ ಎಷ್ಟು ಸಲ ಓದಿದ್ರೂ ಮಜಾ ಅನ್ಸತ್ತೆ.

ರೈಟರ್_ಪಾಲಿಬೆಟ್ಟ
ಡೈಸರ್ ಅಂತ ಯಾಕೆ ಹೆಸರು ಇಟ್ರು, ಒಡಿಕತ್ತಿ ಅಂತ ಇಡ್ಬೋದಿತ್ತಲ್ಲ

ಮೇಷ್ಟ್ರು_ವಿರಾಜಪೇಟೆ
ಮಗಳೇ, ಚೆನ್ನಾಗಿ ಹೇಳಿದ್ದೀಯ, ಒಂದು ತಿದ್ದುಪಡಿ. ಗಿಡದ ವೈರಸ್ಸೆಲ್ಲ ಆರ್‌ಎನ್‌ಎ ಅಲ್ಲ. ನಮ್ಮ ಕಾಳುಮೆಣಸಿಗೆ ಬರುವ ಹಳದಿ ಮಚ್ಚೆಯ ವೈರಸ್ ಇದೆಯಲ್ಲ, ಹಿಟ್ಟುತಿಗಣೆ ಹರಡುವುದು, ಅದರ ಒಳಗಿರುವುದು ಡಿಎನ್‌ಎ. ಆದರೂ ಗಿಡದ ಒಳಗೆ ಅದು ಆರ್‌ಎನ್‌ಎ ನಕಲು ತೆಗೆಯಲೇಬೇಕು, ಹಾಗಾಗಿ ನೀನು ಹೇಳಿದ ಕತ್ತಿಗೆ ಅಲ್ಲಿಯೂ ಕೆಲಸ ಸಿಗುತ್ತದೆ. ನಾನು ಪಿಯುಸಿಗೆ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ತಿದ್ದುವ ಚಟ ಹೋಗಿಲ್ಲ, ಬೇಸರ ಮಾಡ್ಕೋಬೇಡ.

ಲ್ಯಾಬ್‌ಹುಡುಗಿ_ನಾಪೋಕ್ಲು
ಅಯ್ಯೋ ಹೌದು ಸಾರ್, ಅವಸರದಲ್ಲಿ ಬರ್ದೆ. ಹೆಚ್ಚಿನವು ಅಂತ ಓದ್ಕೊಳಿ ಎಲ್ರೂ.

ಶನಿವಾರಸಂತೆ_ಗೌಡ
ಎಲ್ಲಾ ಸರಿ ಕಣವ್ವ. ಪ್ರತಿ ಗಿಡದಾಗೂ ಈ ಚೆಕ್‌ಪೋಸ್ಟ್ ಐತೆ ಅಂದ್ಮೇಲೆ ಕಟ್ಟೆ ಯಾಕ್ ಬರತ್ತೆ? ನಮ್ ತಾತನ ಕಾಲದಿಂದ ಐತೆ ಕಟ್ಟೆ. ಪೊಲೀಸ್ನೋರು ಲಂಚ ತಿಂತಾರಾ ಅಲ್ಲೂ?

ಲ್ಯಾಬ್‌ಹುಡುಗಿ_ನಾಪೋಕ್ಲು
ಗೌಡ್ರೆ ಇದೇ ಕೇಳ್ಬೇಕಾದ ಪ್ರಶ್ನೆ, ನಮ್ಮ ಲ್ಯಾಬಲ್ಲಿ ಅರ್ಧ ಜನ ಇದ್ರ ಮೇಲೇ ಕೆಲಸ ಮಾಡ್ತಾರೆ. ಲಂಚ ಅಲ್ಲ, ವೈರಸ್ ಪೊಲೀಸರ ಕೈ ಕಟ್ಟಿ ಹಾಕತ್ತೆ. ಟೊಮೆಟೊ ಜಾತಿ ಗಿಡಕ್ಕೆ ಬರೋ ಒಂದು ವೈರಸ್ಸಲ್ಲಿ ಪಿ19 ಅಂತ ಪ್ರೋಟೀನ್ ಇದೆ, ಅದು ಆ 21 ಅಕ್ಷರದ ಜೋಡಿ ತುಂಡನ್ನ ಎರಡೂ ತುದಿಯಿಂದ ಅಳತೆ ನೋಡಿ ಗಪ್ಪಂತ ಹಿಡ್ಕೊಳತ್ತೆ, ಆರ್ಗೊನಾಟ್ ಕೈಗೆ ಫೋಟೋನೇ ಸಿಗದ ಹಾಗೆ. ಮೆಣಸಿನ ಬಳ್ಳಿ ಗಿಡ್ಡ ಆಗೋ ರೋಗದಲ್ಲಿ ಸಿಗೋ ಸೌತೆ ಮೊಸಾಯಿಕ್ ವೈರಸ್ ಗೊತ್ತಲ್ಲ, ಅದರ ಹತ್ರ 2ಬಿ ಅಂತ ಇನ್ನೊಂದು, ಅದು ಆರ್ಗೊನಾಟನ್ನೇ ಕೆಲಸ ಮಾಡೋಕೆ ಬಿಡಲ್ಲ. ಪಪ್ಪಾಯಿ ರಿಂಗ್‌ಸ್ಪಾಟ್ ವೈರಸ್ ಹತ್ರ ಎಚ್‌ಸಿ-ಪ್ರೋ ಅಂತ ಮತ್ತೊಂದು. ಹೀಗೆ ಲಕ್ಷಾಂತರ ವರ್ಷದಿಂದ ಗಿಡ ಒಂದು ಬೀಗ ಮಾಡೋದು ವೈರಸ್ ಒಂದು ಕಳ್ಳಕೀ ಮಾಡೋದು ನಡೀತಾನೇ ಇದೆ, ನಮ್ಮ ತೋಟದಲ್ಲಿ ಕಾಣೋದು ಆ ಹೊತ್ತಿಗೆ ಯಾರ ಕೈ ಮೇಲಾಗಿದೆ ಅನ್ನೋದು ಅಷ್ಟೆ.

ಶನಿವಾರಸಂತೆ_ಗೌಡ
ಹ್ಞಾಂ ಈಗ ಒಪ್ಪಿದೆ.

ಪೆಪ್ಪರ್_ಗೋಣಿಕೊಪ್ಪ
ಇದನ್ನ ನಾನು ಎರಡು ವರ್ಷ ಮುಂಚೆ ಓದಿದ್ರೆ ದುಡ್ಡು ಉಳೀತಿತ್ತು. ನಮ್ಮ ಬಳ್ಳಿ ಎಲೆ ಸಣ್ಣ ಆಗಿ ಮುರುಟಿ ಗಿಣ್ಣು ಹತ್ರ ಹತ್ರ ಆಗಿ ಬಳ್ಳಿ ಗಿಡ್ಡ ಆಗ್ತಿತ್ತು, ಒಂದು ಅಂಗಡಿಯಲ್ಲಿ (ಹೆಸರು ಬೇಡ, ದಿನಾ ಮುಖ ನೋಡ್ಬೇಕು) ಇದು ಹೊಸ ಆರ್‌ಎನ್‌ಎ ಟೆಕ್ನಾಲಜಿ ಔಷಧಿ ವೈರಸ್ ಬುಡಸಮೇತ ಹೋಗ್ತದೆ ಅಂತ ಕೊಟ್ರು, ಲೀಟರಿಗೆ 1,850 ರೂಪಾಯಿ. ಬಾಟಲಿ ಮೇಲೆ ಏನು ಹಾಕಿದ್ದಾರೆ ಅಂತಾನೇ ಬರ್ದಿರ್ಲಿಲ್ಲ, ಬರೀ ಎಲೆ ಚಿತ್ರ. ಮೂರು ಸಲ ಹೊಡೆಸಿದೆ, ಆಳಿನ ಕೂಲಿ ಬೇರೆ. ಬಳ್ಳಿ ಹಾಗೇ ಉಂಟು, ಅಂಗಡಿಯವರ ಹೊಸ ಕಾರು ಮಾತ್ರ ಬಂತು. ಕೇಳಿದ್ರೆ ನೀವು ಗಮ್ ಹಾಕಿಲ್ಲ ಅದ್ಕೆ ಹಿಡೀಲಿಲ್ಲ ಅಂತಾರೆ.

ಲ್ಯಾಬ್‌ಹುಡುಗಿ ಅವ್ರೇ, ಅಂಥ ಔಷಧಿ ನಿಜವಾಗಿ ಉಂಟಾ ಇಲ್ವಾ?

ಲ್ಯಾಬ್‌ಹುಡುಗಿ_ನಾಪೋಕ್ಲು
ಅಣ್ಣ ನಿಮಗೆ ಕೊಟ್ಟಿದ್ದು ಏನೋ ದೇವ್ರಿಗೇ ಗೊತ್ತು. ಆದ್ರೆ ಐಡಿಯಾ ಸುಳ್ಳಲ್ಲ, ಅದ್ಕೇ ಮೋಸ ಮಾಡೋದು ಸುಲಭ. ಗಿಡವೇ ವೈರಸ್ಸಿನ ಜೋಡಿ ಎಳೆ ನೋಡಿ ಎಚ್ಚರ ಆಗತ್ತೆ ಅಂದ್ರೆ ನಾವೇ ಮೊದಲು ಆ ಜೋಡಿ ಎಳೇನ ಎಲೆ ಮೇಲೆ ಸಿಂಪಡಿಸಿ ಎಚ್ಚರ ಮಾಡಿಟ್ರೆ ಏನಾಗತ್ತೆ ಅಂತ ಯೋಚನೆ. ಬರೀ ಆರ್‌ಎನ್‌ಎ ಹೊಡೆದ್ರೆ ಕೆಲವೇ ದಿನ, ಬಿಸಿಲು ಮಳೆಗೆ ಹೋಗಿಬಿಡತ್ತೆ. 2017ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯವರು ಅದನ್ನ ಒಂಥರ ಅತಿ ಸಣ್ಣ ಜೇಡಿಮಣ್ಣಿನ ಪದರಕ್ಕೆ ಅಂಟಿಸಿ ಹೊಡೆದ್ರು, ಬಯೋಕ್ಲೇ ಅಂತ ಹೆಸರು, ಹೊಡೆದು 20 ದಿನ ಆದ್ಮೇಲೆ ವೈರಸ್ ಹಾಕಿದ್ರೂ ಗಿಡಕ್ಕೆ ರಕ್ಷಣೆ ಇತ್ತು. ಆದ್ರೆ ಅದು ರೋಗ ಬರೋ ಮೊದಲು ಕೊಡೋದು, ಬಂದ ಬಳ್ಳಿ ವಾಸಿ ಮಾಡೋದಲ್ಲ. ಮತ್ತೆ ಅವರ 20 ದಿನ ನಮ್ಮ ಜುಲೈ ಮಳೇಲಿ ಎಷ್ಟು ದಿನ ಆಗತ್ತೋ ನೀವೇ ಲೆಕ್ಕ ಹಾಕಿ.

ಅಮೆರಿಕದಲ್ಲಿ 2023ರ ಕೊನೇಲಿ ಇಂಥ ಸಿಂಪಡಿಸೋ ಆರ್‌ಎನ್‌ಎ ಒಂದಕ್ಕೆ ಒಪ್ಪಿಗೆ ಸಿಕ್ತು, ಲೆಡ್‌ಪ್ರೋನಾ ಅಂತ. ಅದು ಆಲೂಗಡ್ಡೆ ತಿನ್ನೋ ಜೀರುಂಡೆಗೆ, ವೈರಸ್ಸಿಗೆ ಅಲ್ಲ. ಇನ್ನು ಮೇಲೆ ಯಾರಾದ್ರೂ ಬಾಟಲಿ ತೋರಿಸಿ ಆರ್‌ಎನ್‌ಎ ಅಂದ್ರೆ ಯಾವ ವೈರಸ್ಸಿನ ಯಾವ ಜೀನಿಗೆ ಅಂತ ಕೇಳಿ, ಯಾಕಂದ್ರೆ ಇದು ಅಕ್ಷರಕ್ಕೆ ಅಕ್ಷರ ಹೊಂದಿದ್ರೆ ಮಾತ್ರ ಕೆಲಸ ಮಾಡೋದು, ಎಲ್ಲಾ ವೈರಸ್ಸಿಗೂ ಒಂದೇ ಔಷಧಿ ಅಂದ ಕೂಡ್ಲೇ ಅದು ಸುಳ್ಳು.

ರೈಟರ್_ಪಾಲಿಬೆಟ್ಟ
ಕೇಳಿದ್ರೆ ಅವ್ರು ಜಿಎಸ್‌ಟಿ ನಂಬರ್ ಹೇಳ್ತಾರೆ

ಜೇನುಗೂಡು_ಭಾಗಮಂಡಲ
ನಾನು ಇಲ್ಲಿ ಬರೆಯೋದು ಕಮ್ಮಿ, ಮೊಮ್ಮಗಳು ಟೈಪ್ ಮಾಡಿ ಕೊಡ್ತಾ ಇದ್ದಾಳೆ. ವೈರಸ್ ಅಂದ ಕೂಡ್ಲೆ ನಂಗೆ 90ರ ದಶಕದ ಶುರು ನೆನಪಾಗ್ತದೆ. ಥಾಯ್ ಸ್ಯಾಕ್‌ಬ್ರೂಡ್ ಅಂತ ಬಂತು ಜೇನಿಗೆ, ನಮ್ಮ ತುಡುವೆ ಜೇನಿಗೇ. ಮರಿಹುಳ ಎರಿ ಒಳಗೆ ನೀರು ತುಂಬಿದ ಚೀಲದ ಹಾಗೆ ಆಗಿ ತಲೆ ಮೇಲೆ ಮಾಡಿ ಸಾಯೋದು, ಎತ್ತಿದ್ರೆ ಚೀಲದ ಹಾಗೇ ಬರ್ತಿತ್ತು. ನನ್ನ ಹತ್ರ 40 ಪೆಟ್ಟಿಗೆ ಇತ್ತು, ಮುಂದಿನ ವರ್ಷಕ್ಕೆ ಮೂರು. ಕೊಡಗಿನ ಜೇನು ಅಂತ ಹೆಸರಿದ್ದ ಊರಲ್ಲಿ ಪೆಟ್ಟಿಗೆ ಸೌದೆಗೆ ಹೋಯ್ತು. ಆಮೇಲೆ ಹತ್ತಾರು ವರ್ಷಕ್ಕೆ ಕಾಡಿನ ಮರದ ಪೊಟರೆಯಿಂದ ಹೊಸ ಕುಟುಂಬ ಹಿಡಿದು ತಂದು ತಂದು ಈಗ ಸ್ವಲ್ಪ ಉಂಟು. ಪೊಟರೆಯಲ್ಲಿ ಉಳಿದದ್ದು ಯಾಕೆ ಉಳೀತು ಅಂತ ನಾನು ತುಂಬ ಯೋಚನೆ ಮಾಡಿದ್ದೇನೆ. ಜೇನಿಗೂ ಈ ಕತ್ತಿ ಉಂಟಾ ಮಗಾ?

ಲ್ಯಾಬ್‌ಹುಡುಗಿ_ನಾಪೋಕ್ಲು
ಅಜ್ಜಾ, ಉಂಟು! ಕೀಟಗಳಿಗೆ ನಮ್ಮ ಹಾಗೆ ಪ್ರತಿಕಾಯ, ಅಂದ್ರೆ ಆಂಟಿಬಾಡಿ ಇಲ್ಲ, ವೈರಸ್ ವಿರುದ್ಧ ಅವಕ್ಕೆ ಇರೋ ದೊಡ್ಡ ಆಯುಧವೇ ಈ ಪುಟಾಣಿ ಆರ್‌ಎನ್‌ಎ. ಹಣ್ಣಿನ ನೊಣ, ಸೊಳ್ಳೆ, ಜೇನು ಎಲ್ಲದ್ರಲ್ಲೂ ನೋಡಿದ್ದಾರೆ. ಡೆಂಗಿ ವೈರಸ್ ಸೊಳ್ಳೆ ಒಳಗೆ ಇದ್ರೂ ಸೊಳ್ಳೆ ಸಾಯದೆ ಆರಾಮಾಗಿ ಹಾರಾಡೋದಕ್ಕೆ ಇದೂ ಒಂದು ಕಾರಣ, ವೈರಸ್ಸನ್ನ ಪೂರ್ತಿ ಕೊಲ್ಲಲ್ಲ ಆದ್ರೆ ಹದ್ದುಬಸ್ತಲ್ಲಿ ಇಡತ್ತೆ.

ನಿಮ್ಮ ರೋಗಕ್ಕೇ ಹತ್ರದ್ದು ಒಂದು ಹೇಳ್ತೀನಿ. 2010ರಲ್ಲಿ ಚೀನಾದವರು ಅವರ ಊರಿನ ತುಡುವೆ ಜೇನಿನ ಮರಿಹುಳಕ್ಕೆ ಸ್ಯಾಕ್‌ಬ್ರೂಡ್ ವೈರಸ್ಸಿನ ಜೋಡಿ ಎಳೆ ಆರ್‌ಎನ್‌ಎ ತಿನ್ನಿಸಿ ನೋಡಿದ್ರು, ಸೋಂಕು ತಡೀತು. ಅದೇ ವರ್ಷ ಅಮೆರಿಕದಲ್ಲಿ ಫ್ಲಾರಿಡಾ ಮತ್ತೆ ಪೆನ್ಸಿಲ್ವೇನಿಯಾದಲ್ಲಿ ಬಯಲಲ್ಲೇ ಇಟ್ಟ ಪೆಟ್ಟಿಗೆಗಳಿಗೆ, ಬೇರೆ ವೈರಸ್ಸಿಗೆ, ಸಕ್ಕರೆ ಪಾಕದಲ್ಲಿ ಕಲಸಿ ಕೊಟ್ಟು ನೋಡಿದ್ದಾರೆ, ಕೊಟ್ಟ ಪೆಟ್ಟಿಗೆಗಳಲ್ಲಿ ಜೇನುಹುಳ ಹೆಚ್ಚು ಉಳೀತು.

ಜೇನುಗೂಡು_ಭಾಗಮಂಡಲ
ಪಾಕದಲ್ಲಿ ಕೊಡೋದಾದ್ರೆ ಸುಲಭ ಅಲ್ವಾ. ನಾವು ಮಳೆಗಾಲದಲ್ಲಿ ಹೇಗೂ ಪಾಕ ಇಡ್ತೇವೆ. ಸಿಗೋದಾದ್ರೆ ಹೇಳು, ಬದುಕಿರುವಾಗ ಒಮ್ಮೆ ನೋಡ್ಬೇಕು.

ಸಿಸ್ಟರ್_ಸುಂಟಿಕೊಪ್ಪ
ನೈಟ್ ಡ್ಯೂಟಿಯಲ್ಲಿ ಕೂತು ಇಡೀ ಥ್ರೆಡ್ ಓದಿದೆ. ಗಿಡ ಆಯ್ತು ಜೇನು ಆಯ್ತು, ನಮ್ಮ ಕಥೆ ಏನು? ಕೋವಿಡ್ ಲಸಿಕೆಯೂ ಆರ್‌ಎನ್‌ಎ ಅಂತಾರಲ್ಲ, ಅದೂ ಇದೂ ಒಂದೇನಾ? ವಾರ್ಡಲ್ಲಿ ಜನ ಕೇಳ್ತಾರೆ, ನಂಗೇ ಸರಿಯಾಗಿ ಗೊತ್ತಿಲ್ಲ.

ಮೇಷ್ಟ್ರು_ವಿರಾಜಪೇಟೆ
ಸಿಸ್ಟರ್, ಇದಕ್ಕೆ ನಾನು ಪ್ರಯತ್ನ ಮಾಡುತ್ತೇನೆ, ತಪ್ಪಿದ್ದರೆ ನಾಪೋಕ್ಲಿನ ಮಗಳು ತಿದ್ದಲಿ, ಲೆಕ್ಕ ಸಮ ಆಗುತ್ತದೆ.

ಮೊದಲು ಲಸಿಕೆ. ಅದು ಪ್ರೋಟೀನ್ ಮಾಡುವ ಆರ್‌ಎನ್‌ಎ, ನಾವು ಶಾಲೆಯಲ್ಲಿ ಓದಿದ ಹಳೇ ಪೈಕಿ. ವೈರಸ್ಸಿನ ಒಂದು ಪ್ರೋಟೀನನ್ನು ನಮ್ಮ ಕೋಶದಲ್ಲೇ ಮಾಡಿಸಿ ತೋರಿಸುವುದು ಅದರ ಕೆಲಸ. ಇಲ್ಲಿ ಮಾತಾಡುತ್ತಿರುವುದು ಪ್ರೋಟೀನ್ ಮಾಡದ ಜಾತಿ. ಆದರೆ ಸಂಬಂಧ ಇಲ್ಲದೆಯೂ ಇಲ್ಲ. ಹೊರಗಿನ ಆರ್‌ಎನ್‌ಎ ಒಳಗೆ ಬಂದ ಕೂಡಲೇ ನಮ್ಮ ಕೋಶ ಬೊಬ್ಬೆ ಹೊಡೆಯುತ್ತದೆ, ಆ ಬೊಬ್ಬೆ ಆಗದಿರಲು ಒಂದು ಅಕ್ಷರವನ್ನು ಸ್ವಲ್ಪ ಮಾರ್ಪಡಿಸಬೇಕು ಎಂದು ಕಂಡುಹಿಡಿದದ್ದಕ್ಕೇ ಕಾರಿಕೋ ಮತ್ತು ವೈಸ್‌ಮನ್ ಅವರಿಗೆ 2023ರ ನೊಬೆಲ್ ಬಂದದ್ದು.

ಈ ಬೊಬ್ಬೆಯೇ ನಮ್ಮ ಮುಖ್ಯ ರಕ್ಷಣೆ. ಗಿಡಕ್ಕೂ ನಮಗೂ ಇಲ್ಲಿ ದಾರಿ ಬೇರೆಯಾಗುತ್ತದೆ. ನಮ್ಮಲ್ಲೂ ಡೈಸರ್ ಇದೆ, ಆದರೆ ನಮ್ಮ ಸಾಮಾನ್ಯ ಕೋಶಗಳಲ್ಲಿ ವೈರಸ್ ವಿರುದ್ಧ ಅದರ ಪಾತ್ರ ಎಷ್ಟು ಎನ್ನುವುದು ವಿಜ್ಞಾನಿಗಳ ನಡುವೆ ಇನ್ನೂ ವಾದದಲ್ಲಿರುವ ವಿಷಯ. ನಾವು ಹೆಚ್ಚು ನಂಬಿರುವುದು ಇಂಟರ್‌ಫೆರಾನನ್ನು, 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಕಂಡುಹಿಡಿದದ್ದು. ನಮ್ಮೂರಿನ ರೀತಿಯಲ್ಲಿ ಹೇಳುವುದಾದರೆ, ಒಂದು ತೋಟಕ್ಕೆ ಆನೆ ನುಗ್ಗಿತು. ರಿಗ್-ಐ ಎಂಬ ಕಾವಲುಗಾರ ವೈರಸ್ಸಿನ ಆರ್‌ಎನ್‌ಎಯ ತುದಿ ನೋಡಿ ಇದು ನಮ್ಮನೆಯದಲ್ಲ ಎಂದು ಗುರುತಿಸಿ ಗ್ರೂಪಿಗೆ ಮೆಸೇಜ್ ಹಾಕುತ್ತಾನೆ. ಮೆಸೇಜೇ ಇಂಟರ್‌ಫೆರಾನ್. ಅಕ್ಕಪಕ್ಕದ ತೋಟದವರು ಆನೆ ಬರುವ ಮುಂಚೆಯೇ ಲೈನ್‌ಮನೆ ಮಕ್ಕಳನ್ನು ಒಳಗೆ ಕರೆದು ಗೇಟು ಹಾಕುತ್ತಾರೆ. ಜ್ವರ, ಮೈಕೈ ನೋವು ಬರುವುದರಲ್ಲಿ ಈ ಮೆಸೇಜಿನ ಪಾಲು ದೊಡ್ಡದು. ಸುಮಾರು 30 ಅಕ್ಷರಕ್ಕಿಂತ ಉದ್ದದ ಜೋಡಿ ಎಳೆ ಕಂಡರೆ ಪಿಕೆಆರ್ ಎಂಬ ಇನ್ನೊಬ್ಬ ಎದ್ದು ಇಡೀ ಕೋಶದ ಪ್ರೋಟೀನ್ ಕಾರ್ಖಾನೆಯನ್ನೇ ನಿಲ್ಲಿಸಿಬಿಡುತ್ತಾನೆ, ವೈರಸ್ಸಿಗೂ ಸಿಗಬಾರದು ಎಂದು.

ಸಿಸ್ಟರ್_ಸುಂಟಿಕೊಪ್ಪ
ಆನೆ ಉದಾಹರಣೆ ಸೂಪರ್ ಸಾರ್, ನಾಳೆಯಿಂದ ವಾರ್ಡಲ್ಲಿ ಇದೇ ಹೇಳ್ತೀನಿ. ಹಾಗಾದ್ರೆ ನಮ್ಮಲ್ಲಿ ಪ್ರೋಟೀನ್ ಮಾಡದ ಆರ್‌ಎನ್‌ಎಗೆ ಏನೂ ಕೆಲಸ ಇಲ್ವಾ?

ಲ್ಯಾಬ್‌ಹುಡುಗಿ_ನಾಪೋಕ್ಲು
ಇದೆ ಅಕ್ಕ, ಆದ್ರೆ ನಮ್ಮಲ್ಲಿ ಅವು ಕತ್ತಿ ಹಿಡಿಯೋದಕ್ಕಿಂತ ಹೆಚ್ಚಾಗಿ ಮೇಸ್ತ್ರಿ ಕೆಲಸ ಮಾಡೋದು. ಯಾವ ಮೆಸೇಜ್ ಜೋರಾಗ್ಬೇಕು ಯಾವುದು ತಣ್ಣಗಾಗ್ಬೇಕು ಅಂತ. ನೀಟ್1 ಅಂತ ಒಂದು ಉದ್ದನೆ ಆರ್‌ಎನ್‌ಎ ಇದೆ (ಎಂಟ್ರೆನ್ಸ್ ನೀಟ್ ಅಲ್ಲ!), ಫ್ಲೂ ವೈರಸ್ ಬಂದಾಗ ಅದು ಜಾಸ್ತಿಯಾಗಿ, ಜೀನ್ ಒಂದರ ಬಾಗಿಲಿಗೆ ಕಾವಲು ಕೂತಿರೋ ಪ್ರೋಟೀನನ್ನ ಎಳ್ಕೊಂಡು ಹೋಗಿ ಬೇರೆ ಕಡೆ ಕೂರಿಸತ್ತೆ, ಬಾಗಿಲು ತೆರೆದು ಐಎಲ್-8 ಅಂತ ರಕ್ಷಣೆಯ ಸಿಗ್ನಲ್ ಹೊರಗೆ ಬರತ್ತೆ. ಇದು 2014ರ ಕೆಲಸ. ಅದೇ ವರ್ಷ ಎನ್‌ಆರ್‌ಎವಿ ಅನ್ನೋ ಇನ್ನೊಂದು ಸಿಕ್ತು, ಅದು ಉಲ್ಟಾ, ಮಾಮೂಲಿ ದಿನದಲ್ಲಿ ರಕ್ಷಣೇನ ತಗ್ಗಿಸಿ ಇಡತ್ತೆ, ಫ್ಲೂ ಬಂದ ಕೂಡ್ಲೇ ಕೋಶ ಈ ಆರ್‌ಎನ್‌ಎಯನ್ನೇ ಕಮ್ಮಿ ಮಾಡ್ಕೊಳತ್ತೆ. ದಿನಾ ನಾಯಿ ಕಟ್ಟಿರ್ತೀವಿ, ಕಳ್ಳ ಬಂದ ಅಂದ್ರೆ ಸರಪಳಿ ಬಿಚ್ತೀವಲ್ಲ ಹಾಗೆ. ಇನ್ನೊಂದು ನಂಗೆ ತುಂಬಾ ಇಷ್ಟದ್ದು, ಬಳೆ ಥರ ತುದಿಯೇ ಇಲ್ಲದ ಆರ್‌ಎನ್‌ಎಗಳಿವೆ, ಅವು ಮೇಷ್ಟ್ರು ಹೇಳಿದ ಪಿಕೆಆರ್‌ನ ಸುಮ್ನೆ ತಬ್ಬಿ ಹಿಡ್ಕೊಂಡಿರ್ತವೆ. ವೈರಸ್ ಬಂದಾಗ ಈ ಬಳೆಗಳನ್ನ ಒಂದು ಕಿಣ್ವ ಒಡೆದು ಹಾಕತ್ತೆ, ಪಿಕೆಆರ್ ಬಿಡುಗಡೆ. 2019ರಲ್ಲಿ ಬಂದ ಸಂಶೋಧನೆ.

ಆದ್ರೆ ಎಲ್ಲಾ ನಮ್ಮ ಕಡೆಯವರೇ ಅಂತ ಅಂದ್ಕೋಬೇಡಿ. ನಮ್ಮ ಲಿವರಲ್ಲಿ ಮಿರ್-122 ಅಂತ ಒಂದು ಪುಟಾಣಿ ಆರ್‌ಎನ್‌ಎ ಇದೆ, ಹೆಪಟೈಟಿಸ್ ಸಿ ವೈರಸ್ ಅದನ್ನೇ ತನ್ನ ಆರ್‌ಎನ್‌ಎ ತುದಿಗೆ ಅಂಟಿಸ್ಕೊಂಡು ಹಾಳಾಗದ ಹಾಗೆ ನೋಡ್ಕೊಳತ್ತೆ. 2005ರಲ್ಲಿ ಇದು ಗೊತ್ತಾದಾಗ ಎಲ್ರೂ ಬೆಪ್ಪಾದ್ರು. ಆ ಮಿರ್-122ನ ಹಿಡಿದು ಹಾಕೋ ಮಿರಾವಿರ್ಸೆನ್ ಅನ್ನೋ ಔಷಧಿ ರೋಗಿಗಳಿಗೆ ಕೊಟ್ಟು ನೋಡಿದ್ರು, ವೈರಸ್ ಇಳೀತು, ಆಮೇಲೆ ನೇರವಾಗಿ ವೈರಸ್ಸಿಗೇ ಹೊಡೆಯೋ ಮಾತ್ರೆಗಳು ಬಂದ್ವು, ಇದು ಮೂಲೆಗೆ ಹೋಯ್ತು.

ರೈಟರ್_ಪಾಲಿಬೆಟ್ಟ
ಮನೆ ಒಳಗೇ ಮನೆಮುರುಕ. ಸರಿ ನಂದೂ ಒಂದು ಸೀರಿಯಸ್ ಪ್ರಶ್ನೆ, ನಗಬೇಡಿ. ನಮ್ಮ ಕೊಡಗಿನ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ಕುಡೀತೇವಲ್ಲ, ಗಿಡದಲ್ಲಿ ಇಷ್ಟೆಲ್ಲ ಆರ್‌ಎನ್‌ಎ ಉಂಟು ಅಂದ್ರೆ ಅದು ಹೊಟ್ಟೆಗೆ ಹೋಗಿ ನಮ್ಮ ವೈರಸ್ಸನ್ನೂ ಕತ್ತರಿಸ್ಬೋದಲ್ವಾ?

ಲ್ಯಾಬ್‌ಹುಡುಗಿ_ನಾಪೋಕ್ಲು
ನಗಲ್ಲ ಅಣ್ಣ, ಇದನ್ನ ದೊಡ್ಡ ದೊಡ್ಡೋರೇ ಕೇಳಿದ್ದಾರೆ. 2012ರಲ್ಲಿ ಚೀನಾದ ಒಂದು ತಂಡ ನಾವು ತಿಂದ ಅನ್ನದ ಪುಟಾಣಿ ಆರ್‌ಎನ್‌ಎ ರಕ್ತದಲ್ಲಿ ಸಿಕ್ತು, ಅದು ಲಿವರಲ್ಲಿ ಕೆಲಸಾನೂ ಮಾಡತ್ತೆ ಅಂತ ಬರೆದ್ರು, ಭಾರೀ ಗಲಾಟೆ ಆಯ್ತು. ಆಮೇಲೆ ಬೇರೆ ಲ್ಯಾಬಿನವರು ಮಾಡಿ ನೋಡಿದ್ರೆ ಹಾಗೆ ಸಿಗಲಿಲ್ಲ, ಸಿಕ್ಕಿದ್ರೂ ಲೆಕ್ಕಕ್ಕೆ ಬಾರದಷ್ಟು. ಹೊಟ್ಟೆಯ ಆಮ್ಲದಲ್ಲಿ ಆರ್‌ಎನ್‌ಎ ಉಳಿಯೋದು ಕಷ್ಟ. ಪಾಯಸ ಕುಡೀರಿ, ಬಣ್ಣ ಚೆನ್ನಾಗಿರತ್ತೆ, ರುಚಿ ಚೆನ್ನಾಗಿರತ್ತೆ, ಇದಕ್ಕೆ ಅಂತ ಕುಡೀಬೇಡಿ. ನಮ್ಮಜ್ಜಿ ಇದನ್ನ ಓದದಿದ್ರೆ ಸಾಕು.

ಏಲಕ್ಕಿಮಲೆ_ಗಾಳಿಬೀಡು
ಕರೆಂಟ್ ಇರ್ಲಿಲ್ಲ, ಈಗ ಎಲ್ಲಾ ಓದಿದೆ. ಎಲ್ಲಿಂದ ಎಲ್ಲಿಗೆ ಹೋಯ್ತು ಮಾರಾಯ್ರೆ! ಅಳಿಯನಿಗೆ ಕಳ್ಸಿದ್ದೇನೆ, ಅವ್ನು ನಾನು ಹೇಳಿರ್ಲಿಲ್ವಾ ಅಂತ ಬೀಗ್ತಿದ್ದಾನೆ. ಆದ್ರೆ ನನ್ನ ಬುಡದ ವಿಷಯ ಹಾಗೇ ಉಳೀತು. ಇನ್ನೊಂದು ಡೌಟು, ಪಕ್ಕದ ಇನ್ನೊಂದು ಗಿಡದಲ್ಲಿ ಕೆಳಗಿನ ಎಲೆಯಲ್ಲಿ ಗೀರು ಉಂಟು, ಮೇಲೆ ಹೊಸದಾಗಿ ಬಂದ ಎಲೆ ಸ್ವಚ್ಛ ಕಾಣ್ತದೆ. ಗಿಡ ತಾನಾಗೇ ಗುಣ ಆಗ್ತದಾ?

ಲ್ಯಾಬ್‌ಹುಡುಗಿ_ನಾಪೋಕ್ಲು
ಅಂಕಲ್ ಆ ಎರಡನೇದನ್ನ ನಂಬಬೇಡಿ. ಕಟ್ಟೆ ಬಂದ ಬುಡ ಗುಣ ಆಗಲ್ಲ, ಮೋಡ ಇದ್ದ ದಿನ ಗೀರು ಸರಿ ಕಾಣಲ್ಲ ಅಷ್ಟೆ, ಎಲೇನ ಬೆಳಕಿಗೆ ಹಿಡಿದು ನೋಡಿ.

ಆದ್ರೆ ನೀವು ಹೇಳಿದ ಥರದ್ದೇ ಬೇರೆ ಗಿಡದಲ್ಲಿ ನಿಜವಾಗಿ ಆಗಿದೆ, ಈ ಇಡೀ ಕಥೆ ಶುರುವಾದ್ದೇ ಅಲ್ಲಿಂದ ಅನ್ಬೋದು. 1928ರಲ್ಲಿ ಅಮೆರಿಕದಲ್ಲಿ ವಿಂಗಾರ್ಡ್ ಅನ್ನೋರು ಹೊಗೆಸೊಪ್ಪಿನ ಗಿಡದ ಚಿತ್ರ ಹಾಕಿದ್ರು, ಕೆಳಗಿನ ಎಲೆ ಪೂರ್ತಿ ಉಂಗುರ ಉಂಗುರ ರೋಗ, ಮೇಲಿನ ಎಲೆ ಸ್ವಚ್ಛ, ಮತ್ತೆ ಅದೇ ವೈರಸ್ ಹಾಕಿದ್ರೂ ಹಿಡೀಲಿಲ್ಲ. ಯಾಕೆ ಅಂತ 70 ವರ್ಷ ಗೊತ್ತಾಗ್ಲಿಲ್ಲ. 1990ರಲ್ಲಿ ಪೆಟೂನಿಯಾ ಹೂವಿಗೆ ನೇರಳೆ ಬಣ್ಣ ಜಾಸ್ತಿ ಮಾಡೋಕೆ ಜೀನ್ ಸೇರಿಸಿದ್ರೆ ಹೂವು ಬಿಳಿ ಆಗ್ಬಿಡ್ತು. 1998ರಲ್ಲಿ ಫಯರ್ ಮತ್ತೆ ಮೆಲ್ಲೋ ಒಂದು ಪುಟ್ಟ ಹುಳದಲ್ಲಿ ಜೋಡಿ ಎಳೆ ಆರ್‌ಎನ್‌ಎಯೇ ಹೀಗೆ ಜೀನ್ ಕೆಲಸ ನಿಲ್ಲೋದಕ್ಕೆ ಕಾರಣ ಅಂತ ತೋರಿಸಿದ್ರು, 2006ಕ್ಕೆ ನೊಬೆಲ್. ಮಧ್ಯೆ 1999ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಹ್ಯಾಮಿಲ್ಟನ್ ಮತ್ತೆ ಬಾಲ್ಕೂಂಬ್ ಗಿಡದಲ್ಲಿ ಆ ಪುಟಾಣಿ ತುಂಡುಗಳನ್ನ ಹಿಡಿದ್ರು. ಗಿಡದವರಿಗೆ ನೊಬೆಲಲ್ಲಿ ಪಾಲು ಸಿಗದೇ ಇದ್ದದ್ದು ನಮ್ಮ ಲ್ಯಾಬಲ್ಲಿ ಈಗಲೂ ಚಹಾ ಹೊತ್ತಿನ ಜಗಳ. ಆ ತುಂಡುಗಳು ಒಂದು ಕೋಶದಿಂದ ಪಕ್ಕದ ಕೋಶಕ್ಕೆ, ರಸದ ಜೊತೆ ಮೇಲಿನ ಎಳೆ ಎಲೆಗೂ ಹೋಗತ್ತೆ, ವೈರಸ್ ಮುಟ್ಟೋ ಮೊದಲೇ ಫೋಟೋ ಅಲ್ಲಿಗೆ ಮುಟ್ಟಿರತ್ತೆ, ಅದ್ಕೇ ಹೊಗೆಸೊಪ್ಪಿನ ಮೇಲಿನ ಎಲೆ ಸ್ವಚ್ಛ ಇದ್ದದ್ದು.

ಈಗ ನಿಮ್ಮ ಹಸಿರು ಬುಡ. ಒಂದು, ಗೌಡ್ರು ಹೇಳಿದ ಹಾಗೆ ಹೇನು ಸರಿಯಾಗಿ ಕೂತಿಲ್ಲ, ಬರೀ ಅದೃಷ್ಟ. ಎರಡು, ಈ ಆರ್‌ಎನ್‌ಎ ಕಾವಲು ಅದ್ರಲ್ಲಿ ಗಟ್ಟಿ ಇದೆ. ಮೂರನೇದನ್ನ ನಿಮ್ಮ ಅಳಿಯ ಹೇಳಿಲ್ಲ, ಕಟ್ಟೆ ವೈರಸ್ಸಿನ ಕುಟುಂಬದ ಎಷ್ಟೋ ವೈರಸ್ಸುಗಳಿಗೆ ಗಿಡದ ಒಂದು ನಿರ್ದಿಷ್ಟ ಪ್ರೋಟೀನ್ ಬೇಕೇ ಬೇಕು, ಅದರ ಆಕಾರ ಸ್ವಲ್ಪ ಬದಲಾಗಿದ್ರೆ ವೈರಸ್ ಒಳಗೆ ಬಂದ್ರೂ ಅದಕ್ಕೆ ಕೆಲಸ ಶುರು ಮಾಡೋಕಾಗಲ್ಲ. ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ ಅಂಕಲ್.

ಮೇಷ್ಟ್ರು_ವಿರಾಜಪೇಟೆ
ಗಾಳಿಬೀಡಿನವರೇ, ಆ ಬುಡವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದವರು ಮಾಡಿದ್ದು ಇದನ್ನೇ. ಕಟ್ಟೆ ಜೋರಾಗಿರುವ ಮಲೆಗಳಿಗೆ ಹೋಗಿ, ಸುತ್ತ ಎಲ್ಲ ಸತ್ತರೂ ಉಳಿದ ಬುಡಗಳನ್ನು ಹುಡುಕಿ ತಂದು ಪರೀಕ್ಷೆ ಮಾಡಿದರು. ಎನ್‌ಕೆಇ ಎಂದು ಅವಕ್ಕೆ ಹೆಸರು, ಕಟ್ಟೆಯಿಂದ ತಾನಾಗಿ ತಪ್ಪಿಸಿಕೊಂಡವು ಎಂದು ಅರ್ಥ. ವಿಜೇತ ಎಂಬ ಏಲಕ್ಕಿ ತಳಿ ಬಂದದ್ದು ಹೀಗೆಯೇ. ನಿಮ್ಮದು ಅದೃಷ್ಟದ ಬುಡವೋ ಗಟ್ಟಿ ಬುಡವೋ ತಿಳಿಯಲು ರೋಗದ ಹೇನನ್ನು ಬೇಕೆಂದೇ ಅದರ ಕಂದಿನ ಮೇಲೆ ಬಿಟ್ಟು ನೋಡಬೇಕು, ಒಮ್ಮೆ ಅಲ್ಲ, ಹಲವು ಸಲ. ಅದು ಅವರ ಕೆಲಸ. ಗಾಳಿಬೀಡಿನಿಂದ ಏನು ದೂರ, ಹೋಗಿ ಬನ್ನಿ.

ಶನಿವಾರಸಂತೆ_ಗೌಡ
ಅಲ್ಲೀವರ್ಗೂ ಅದರ ಕಂದು ಕಿತ್ತು ಬೇರೆ ಕಡೆ ನೆಡಬ್ಯಾಡಿ. ಒಳಗೆ ರೋಗ ಇದ್ದು ಹೊರಗೆ ಕಾಣದೇ ಇದ್ರೆ ನೀವೇ ಹೊತ್ಕೊಂಡ್ ಹೋಗಿ ಹಂಚಿದಂಗಾಯ್ತದೆ. ಕಟ್ಟೆ ಮಣ್ಣಿಂದ ಬರಲ್ಲ ಬೀಜದಿಂದ ಬರಲ್ಲ, ಕಂದಿಂದ ಹೇನಿಂದ ಅಷ್ಟೆ.

ಲ್ಯಾಬ್‌ಹುಡುಗಿ_ನಾಪೋಕ್ಲು
ಗೌಡ್ರು ಹೇಳಿದ್ದು ನೂರಕ್ಕೆ ನೂರು. ರೋಗ ಇರೋ ಬುಡಗಳನ್ನ ಗೆಡ್ಡೆ ಸಮೇತ ಕಿತ್ತು ದೂರ ಹಾಕಿ, ಬಿಟ್ಟ ಗೆಡ್ಡೆಯಿಂದ ಮೊಳಕೆ ಬಂದ್ರೆ ಅದನ್ನೂ ಕೀಳಿ. ಮತ್ತೆ ತೋಡಿನ ಬದಿಯಲ್ಲಿ ಕೆಸು ಇದ್ಯಾ ನೋಡಿ, ಆ ಹೇನಿಗೆ ಕೆಸು ತವರುಮನೆ ಇದ್ದ ಹಾಗೆ, ಅಲ್ಲಿ ಮರಿ ಮಾಡಿ ಏಲಕ್ಕಿಗೆ ಬರತ್ತೆ.

ಪೆಪ್ಪರ್_ಗೋಣಿಕೊಪ್ಪ
ಹಾಗಾದ್ರೆ ನನ್ನ ಬಳ್ಳಿಗೂ ಕೀಳೋದೇ ದಾರಿಯಾ

ಲ್ಯಾಬ್‌ಹುಡುಗಿ_ನಾಪೋಕ್ಲು
ಹೌದು ಅಣ್ಣ, ಸಾರಿ. ಮುಖ್ಯ ಅಂದ್ರೆ ಆ ಬಳ್ಳಿಯಿಂದ ಕಡ್ಡಿ ತೆಗೆದು ಗಿಡ ಮಾಡ್ಬೇಡಿ, ಮೆಣಸಿಗೆ ವೈರಸ್ ಹರಡೋದೇ ಹೆಚ್ಚಾಗಿ ಕಡ್ಡಿಯಲ್ಲಿ.

ಪೆಪ್ಪರ್_ಗೋಣಿಕೊಪ್ಪ
ಹೋದ ವರ್ಷ 200 ಕಡ್ಡಿ ತೆಗ್ದು ಬಾವನಿಗೆ ಕೊಟ್ಟಿದ್ದೇನೆ. ಈ ಥ್ರೆಡ್ ಅವನಿಗೆ ಯಾರೂ ಕಳಿಸ್ಬೇಡಿ ದಯವಿಟ್ಟು

ರೈಟರ್_ಪಾಲಿಬೆಟ್ಟ
ಕಳಿಸಿ ಆಯ್ತು 😄 ತಮಾಷೆಗೆ. ಆದ್ರೆ ನೀವೇ ಹೇಳಿಬಿಡಿ ಅಣ್ಣ, ಪಕ್ಕದ ತೋಟಕ್ಕೆ ಹೋಗೋ ಮುಂಚೆ

ಏಲಕ್ಕಿಮಲೆ_ಗಾಳಿಬೀಡು
ನಿನ್ನೆ ಇಬ್ಬರು ಆಳು ಇಟ್ಟು 14 ಬುಡ ಕಿತ್ತು ಹಾಕಿದೆ, ಗೆಡ್ಡೆ ಸಮೇತ. ಹಸಿರು ಬುಡದ ಸುತ್ತ ಈಗ ಬಯಲು, ಅದೊಂದೇ ನಿಂತಿದೆ ನೋಡೋಕೆ ಒಂಥರಾ ಆಗ್ತದೆ. ಸೋಮವಾರ ಅಪ್ಪಂಗಳಕ್ಕೆ ಹೋಗಿ ಕೇಳ್ತೇನೆ. ಕೆಸು ಇತ್ತು, ಸಣ್ಣದಲ್ಲ, ತೋಡಿನುದ್ದಕ್ಕೂ. ಎಲೆ ತಿರುಗಿಸಿ ನೋಡಿದ್ರೆ ದಂಟಿನ ಸಂದಿಯಲ್ಲಿ ಕಪ್ಪು ಹೇನು ಗಿಜಿಗಿಜಿ. ಕಡೀತೇನೆ ಅಂದ್ರೆ ಹೆಂಡತಿ ಪತ್ರೊಡೆಗೆ ಇದೇ ಕೆಸು ಆಗ್ಬೇಕು, ಪೇಟೇದು ತುರಿಸ್ತದೆ ಅಂತ ಕತ್ತಿ ಅಡಗಿಸಿ ಇಟ್ಟಿದ್ದಾಳೆ. ಕೊನೆಗೆ ಒಪ್ಪಂದ ಆಯ್ತು, ಬಾವಿ ಹತ್ರ ಮನೆ ಹಿಂದೆ ನಾಲ್ಕು ಬುಡ ಇರ್ಲಿ, ತೋಡಿನದ್ದು ಪೂರ್ತಿ ತೆಗೆಯೋದು ಅಂತ. ಹೇನು ಅಷ್ಟು ದೂರ ಹಾರ್ತದಾ?

ಲ್ಯಾಬ್‌ಹುಡುಗಿ_ನಾಪೋಕ್ಲು
ರೆಕ್ಕೆ ಬಂದದ್ದು ಹಾರತ್ತೆ ಅಂಕಲ್. ಆದ್ರೆ ಆಂಟಿ ಹತ್ರ ನಾನು ಹೇಳಿದ್ದು ಅಂತ ಹೇಳ್ಬೇಡಿ.

ಜೇನುಗೂಡು_ಭಾಗಮಂಡಲ
ಆ ಬುಡದ ಫೋಟೋ ಹಾಕಿ ಮಗಾ, ನೋಡುವ.

ಏಲಕ್ಕಿಮಲೆ_ಗಾಳಿಬೀಡು
ಹಾಕ್ತೇನೆ ಅಣ್ಣ, ಈಗ ತೋಡು ದಾಟೋಕೆ ಆಗ್ತಿಲ್ಲ, ನೀರು ಬಂದಿದೆ, ಜಿಗಣೆ ಬೇರೆ. ಮಳೆ ಒಂದು ಹೊತ್ತು ಬಿಡ್ಲಿ.